ಕಿಟಕಿ ಗಾಜಿನ ಮೇಲಿನ ಹಂದರ

ನಮ್ಮ ಪತ್ರಿಕೆಯ ಆಫೀಸಿಗೆ ಹೊಸದಾಗಿ ಸೇರಿದವಳನ್ನು ಎಲ್ಲರೂ ಹಂದರ ಮೇಡಂ ಎನ್ನುತ್ತಿದ್ದರು. ಆ ಹೆಸರಿಟ್ಟವಳು ನಾನೇ. ಲೇಖನ ಬರೆ ಎಂದರೆ ಬರೆಯಬೇಕಪ್ಪ! ಇವಳು ಕಾಗದ ಹರಿದು ಚೀಟಿ ಮಾಡಿ, ಒಂದೊಂದರ ಮೇಲೆ ನಾಲ್ಕು ಪದ ಗೀಚಿ, ಕಿಟಕಿ ಗಾಜಿಗೆ ಅಂಟಿಸಿ, ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಮಾಡುತ್ತಾ ಅರ್ಧ ದಿನ ಕಳೆಯುತ್ತಿದ್ದಳು.

"ಹಂದರ ಆಗ್ಲಿ ಅಕ್ಕ, ಆಮೇಲೆ ಬರವಣಿಗೆ ತಾನಾಗೇ ಹಬ್ಬುತ್ತೆ" ಅನ್ನುವಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ನಾನು ಪೆನ್ನು ಹಿಡಿದರೆ ಪುಟ ತುಂಬಿಸಿಯೇ ಏಳುವವಳು.

ನಮ್ಮ ವಾರಪತ್ರಿಕೆಯ ವಿಶೇಷಾಂಕದ ಮುಖಪುಟ ಲೇಖನ ಪ್ರತಿ ವರ್ಷವೂ ನನ್ನದೇ. ಈ ಸಲ ಸಂಪಾದಕರು, ಕೆಡವಲಿರುವ ಹಳೆಯ ಸೇತುವೆಯ ಬಗ್ಗೆ ಇಬ್ಬರೂ ಬರೆಯಿರಿ, ಚೆನ್ನಾಗಿರುವುದು ಮುಖಪುಟಕ್ಕೆ ಎಂದುಬಿಟ್ಟರು. ನಿನ್ನೆ ಮೊನ್ನೆ ಬಂದವಳ ಜೊತೆ ನನಗೆ ಪೈಪೋಟಿಯೇ? ಅಂದು ಊಟವೇ ಸೇರಲಿಲ್ಲ.

ಲೇಖನ ಕೊಡಬೇಕಾದ ದಿನ ಬೆಳಿಗ್ಗೆ, ಅವಳ ತಾಯಿ ಮೆಟ್ಟಿಲಿನಿಂದ ಜಾರಿ ಬಿದ್ದರೆಂದು ಫೋನ್ ಬಂತು. ಚೀಲ ಎತ್ತಿಕೊಂಡು ಓಡಿದಳು. ಗಾಜಿನ ಮೇಲೆ ಚೀಟಿಗಳಷ್ಟೇ ಉಳಿದವು. ಒಂದು ವಾಕ್ಯವನ್ನೂ ಬರೆದಿರಲಿಲ್ಲ. "ಪಾಪ" ಎಂದೆ. ಒಳಗೊಳಗೇ ಕುಣಿಯುವಷ್ಟು ಖುಷಿಯಾಗಿತ್ತು.

ಸಂಪಾದಕರು ನನ್ನ ಪುಟಗಳನ್ನು ಓದಿ ಕನ್ನಡಕ ತೆಗೆದರು.

"ಅಲ್ಲಮ್ಮಾ, ನದಿ ಇದೆ, ನಿಮ್ಮ ಬಾಲ್ಯ ಇದೆ, ಸಿಮೆಂಟಿನ ರೇಟೂ ಇದೆ. ಸೇತುವೆ ಎಲ್ಲಿ?"

ಆಮೇಲೆ ಎದ್ದು ಹೋಗಿ ಕಿಟಕಿಯ ಮುಂದೆ ನಿಂತರು. ಮೊದಲ ಚೀಟಿಯಲ್ಲಿ ಸೇತುವೆ ಬಂದು ಕೆಲಸ ಕಳೆದುಕೊಂಡ ದೋಣಿಯವನು. ನಡುವೆ ಕಟ್ಟಿದವರು, ದಿನಾ ದಾಟುವವರು. ಕೊನೆಯ ಚೀಟಿಯಲ್ಲಿ ಅದೇ ಸೇತುವೆಯ ಮೇಲೆ ಚಹಾ ಮಾರುವ ಆ ದೋಣಿಯವನ ಮೊಮ್ಮಗಳು. ಸೇತುವೆ ಕೆಡವಿದರೆ ಈಗ ಆ ಮೊಮ್ಮಗಳ ಕೆಲಸವೂ ಹೋಗಲಿತ್ತು.

"ಇದಪ್ಪಾ ಲೇಖನ! ಮಾಂಸ ತುಂಬೋದೊಂದೇ ಬಾಕಿ. ಸಂಜೆಯೊಳಗೆ ನೀವೇ ಬರ್ಕೊಡಿ."

ಅವಳ ಚೀಟಿಗೆ ನಾನು ಗುಮಾಸ್ತಿಕೆ ಮಾಡಬೇಕಂತೆ! ಹಲ್ಲು ಕಚ್ಚಿಕೊಂಡು ಕೂತೆ. ತಪ್ಪು ತೋರಿಸಲೇಬೇಕೆಂದು ಎರಡನೆಯ ಚೀಟಿಯನ್ನು ಕಿತ್ತು ಕೊನೆಗೆ ಹಾಕಿದೆ. ಬರಹ ಅಲ್ಲೇ ಮುಗ್ಗರಿಸಿತು. ಮತ್ತೆ ಅದರ ಜಾಗದಲ್ಲೇ ಅಂಟಿಸಿದೆ, ಪೆನ್ನು ಓಡಿತು. ಹಾಳಾದವಳು ಸರಿಯಾಗಿಯೇ ಜೋಡಿಸಿದ್ದಳು.

ಸಂಜೆ ಆಸ್ಪತ್ರೆಯಿಂದ ಅವಳೇ ಫೋನ್ ಮಾಡಿದಳು. "ಅಮ್ಮಂಗೆ ಪರವಾಗಿಲ್ಲ ಅಕ್ಕ. ಸಂಪಾದಕರು ಎಲ್ಲಾ ಹೇಳಿದ್ರು. ಹೆಸರು ನಿಮ್ಮದೊಂದೇ ಇರ್ಲಿ, ನಾನೇನು ಬರ್ದೆ ಅಂತ?"

ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಮುಖಪುಟದ ಮೇಲೆ ನನ್ನ ಹೆಸರು ದಪ್ಪಕ್ಷರದಲ್ಲಿ ಬಂತು. ಮನೆಗೆ ಒಯ್ದು ಯಜಮಾನರ ಮುಂದೆ ಇಟ್ಟೆ. ಅವರು ಕೂತಲ್ಲಿಂದ ಏಳದೆ ಓದಿ, ಕಣ್ಣೊರೆಸಿಕೊಂಡರು.

"ಬೇಜಾರು ಮಾಡ್ಕೋಬೇಡ ಕಣೇ, ಇಷ್ಟು ವರ್ಷದಲ್ಲಿ ನಿನ್ನ ಲೇಖನ ನಾನು ಕೊನೇ ತನಕ ಓದಿದ್ದು ಇದೊಂದೇ."