ಗಾಳಿ ಕೊಳವೆಯ ಅಡಿಭಾಗ

2024ರ ನವೆಂಬರ್ 19, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಭಾವನ ಲಾರಿ ಗ್ಯಾರೇಜಿನ ಇಳಿಜಾರನ್ನು ಏದುಸಿರು ಬಿಡುತ್ತಾ ಹತ್ತಿ ಬಂದು ನಿಂತಾಗ, ಮೆಕ್ಯಾನಿಕ್ ಇನ್ನೊಂದು ಗಾಡಿಯ ಅಡಿಯಿಂದ ತಲೆಯನ್ನಷ್ಟೇ ಹೊರಗೆ ಹಾಕಿ ನೋಡಿದ. ಏಳಲು ಮನಸ್ಸಿರಲಿಲ್ಲ. ಐವತ್ತೆರಡು ವರ್ಷದ ಅವನ ಸೊಂಟ ಈಚೆಗೆ ಯಾವ ಕೆಲಸಕ್ಕೂ ಮೊದಲು ತನ್ನದೊಂದು ಮಾತು ಆಡಿಯೇ ಬಿಡುತ್ತಿತ್ತು.

“ಡಾಕ್ಟ್ರೇ, ರೋಗಿ ಬಂದಿದೆ,” ಎನ್ನುತ್ತಾ ಅಕ್ಕನ ಗಂಡ ಕ್ಯಾಬಿನ್ನಿನಿಂದ ಇಳಿದ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗಿಟ್ಟು, ಹಿಡಿಗೆ ಕಿವಿಗೊಟ್ಟು ಕೇಳುವ ಅಭ್ಯಾಸದಿಂದ ಮೆಕ್ಯಾನಿಕ್‌ಗೆ ಆ ಹೆಸರು ಅಂಟಿಕೊಂಡಿತ್ತು.

“ಏನಾಯ್ತು ಭಾವ?”

“ಏರು ಬಂದ್ರೆ ಮೂವತ್ತು ದಾಟಲ್ಲ. ಹಿಂದಿನಿಂದ ಸೈಕಲ್‌ನವನು ಬೆಲ್ ಹೊಡೀತಾನೆ. ಹೊಗೆ ಫಿಲ್ಟರ್ ಕಟ್ಕೊಂಡಿದೆ. ಒಳಗಿನದನ್ನ ಕಿತ್ತು ಬಿಸಾಕು, ಬರೀ ಡಬ್ಬಿ ವಾಪಸ್ ಕೂರಿಸು. ಗಾಡಿ ಕಂಪ್ಯೂಟರಿಗೆ ಫಿಲ್ಟರ್ ಇದೆ ಅಂತ ಏನು ಸುಳ್ಳು ಹೇಳ್ಬೇಕೋ ಹೇಳು. ನಾಳೆ ಬೆಳಿಗ್ಗೆ ಲೋಡಿದೆ.”

“ಬೇಡ ಭಾವ.”

“ಯಾಕೆ, ಸಾಚಾ ಆಗ್ಬಿಟ್ಯಾ? ಎಷ್ಟು ಲಾರಿಗೆ ಕಿತ್ತಿಲ್ಲ ನೀನು?”

“ಒಂಬತ್ತು.”

ಪ್ರತಿ ಸಲವೂ ಹೊಗೆಯ ಮಸಿ ಹಿಡಿಯುವ ಜೇನುಗೂಡಿನಂಥ ತಿರುಳನ್ನು ಉಳಿಯಿಂದ ಒಡೆದು ತೆಗೆದ ಮೇಲೆ ಮೂರು ದಿನ ಅವನ ಕರವಸ್ತ್ರ ಕಪ್ಪಾಗುತ್ತಿತ್ತು. ಒಂಬತ್ತರಲ್ಲಿ ಒಂದರಲ್ಲೂ ಫಿಲ್ಟರ್ ಕಟ್ಟುವಷ್ಟು ಮಸಿ ಎಲ್ಲಿಂದ ಬಂತೆಂದು ಅವನು ಹುಡುಕಿರಲಿಲ್ಲ. ಇವತ್ತು ಹುಡುಕಲು ಹೊರಟದ್ದೂ ಒಳ್ಳೆಯತನದಿಂದಲ್ಲ. ಉಳಿ ಹಿಡಿಯಲು ಕೈ ಸೋತಿತ್ತು. ಕಿವಿಗೆ ಅಂಥ ಶ್ರಮವಿಲ್ಲ.

ಭಾವನನ್ನು ಮತ್ತೆ ಕ್ಯಾಬಿನ್ನಿಗೆ ಹತ್ತಿಸಿ ಇಂಜಿನ್ನಿನ ವೇಗ ಏರಿಸಲು ಹೇಳಿದ. ಗಾಳಿಯನ್ನು ಒತ್ತಿ ತುಂಬುವ ಟರ್ಬೋದಿಂದ ಇಂಜಿನ್ನಿಗೆ ಗಾಳಿ ಒಯ್ಯುವ ದಪ್ಪ ರಬ್ಬರ್ ಕೊಳವೆಯ ಬಳಿ ಸುಯ್ ಎಂಬ ಸದ್ದು. ಕೈಯನ್ನು ಅಡಿಗೆ ತೂರಿಸಿದಾಗ ಬೆರಳಿಗೆ ಗಾಳಿ ಊದಿತು. ಕೊಳವೆ ಅಲ್ಲಿ ಸೀಳಿತ್ತು. ಅಳೆದು ಒಳಗೆ ಬಿಟ್ಟ ಗಾಳಿ ದಾರಿಯಲ್ಲೇ ಸೋರಿದರೆ, ಆ ಅಳತೆಗೆ ತಕ್ಕಂತೆ ಸುರಿದ ಡೀಸೆಲ್ ಪೂರ್ತಿ ಉರಿಯುವುದಿಲ್ಲ. ಉರಿಯದೆ ಉಳಿದದ್ದು ಮಸಿಯಾಗಿ ಫಿಲ್ಟರಿನ ಹೊಟ್ಟೆ ಸೇರುತ್ತದೆ.

ಸೀಳು ಏಕಾಯಿತೆಂದು ತಿಳಿಯಲು ಕಿವಿಯೂ ಬೇಕಿರಲಿಲ್ಲ. ಮೇ ತಿಂಗಳಲ್ಲಿ, ಎಳೆತ ಸಾಲದೆಂದು ಭಾವ ತಲೆ ತಿಂದಾಗ, ಒಳಬರುವ ಗಾಳಿ ಸೋಸುವ ಮೂಲದ ಡಬ್ಬಿ ತೆಗೆದು ಅಗಲ ಬಾಯಿಯದೊಂದನ್ನು ಕೂರಿಸಿದವನು ಅವನೇ. ಜಾಗ ಸಾಲದೆ ಕೊಳವೆಯನ್ನು ಎರಡು ಬೆರಳು ಕೆಳಗೆ ತಳ್ಳಿದ್ದ. ಅದನ್ನು ಎತ್ತಿ ಹಿಡಿಯುವ ಪಟ್ಟಿಯನ್ನು ನಾಳೆ ಹಾಕಿದರಾಯಿತು ಎಂದು ಬಿಟ್ಟಿದ್ದ. ಆರು ತಿಂಗಳು ಕೊಳವೆ ಕಬ್ಬಿಣದ ಅಂಚಿಗೆ ಉಜ್ಜಿತ್ತು.

ಮೇಲೆ ಕೂತ ಭಾವನಿಗೆ ಇದೊಂದೂ ಕಾಣುತ್ತಿರಲಿಲ್ಲ. ತಿರುಳು ಕಿತ್ತರೆ ಲಾರಿ ಓಡುತ್ತದೆ. ಕೊಳವೆಯನ್ನು ಸದ್ದಿಲ್ಲದೆ ಬದಲಿಸಬಹುದು. ‘ನನ್ನ ಭಾಮೈದ ಮುಟ್ಟಿದ ಗಾಡಿ ಕೆಟ್ಟದ್ದೇ ಇಲ್ಲ’ ಎಂದು ಊರೆಲ್ಲ ಹೇಳಿಕೊಂಡು ಬರುವ ಭಾವನ ಜಂಬವೂ ಹಾಗೇ ಉಳಿಯುತ್ತದೆ. ಆದರೆ ತಾನು ಹಾಕದ ಒಂದು ಪಟ್ಟಿಯನ್ನು ಮುಚ್ಚಿಡಲು ಹತ್ತನೆಯ ತಿರುಳನ್ನು ಒಡೆಯಬೇಕು. ಮೆಕ್ಯಾನಿಕ್ ಕೈ ಒರೆಸಿಕೊಂಡು ಕ್ಯಾಬಿನ್ನಿನತ್ತ ಮುಖ ಎತ್ತಿದ.

“ಭಾವ, ಇಳಿದು ಬನ್ನಿ. ಇಲ್ಲಿ ಕೈ ಇಡಿ.”

“ಇದೇನು, ಒಳಗೆ ಫ್ಯಾನ್ ಇಟ್ಟಿದ್ದೀಯಾ?”

“ಕೊಳವೆ ಹರಿದಿದೆ. ಮೇ ತಿಂಗಳಲ್ಲಿ ಒಂದು ಪಟ್ಟಿ ಹಾಕದೆ ಬಿಟ್ಟಿದ್ದೆ. ಫಿಲ್ಟರ್ ಕಟ್ಕೊಂಡಿರೋದು ಅದಕ್ಕೇ. ತಪ್ಪು ನಂದು.”

ಭಾವ ಕೈ ತೆಗೆಯಲಿಲ್ಲ. “ಇಷ್ಟು ದಿನ ಡೀಸೆಲ್ ಕಲಬೆರಕೆ ಅಂತ ಬಂಕಿನವನನ್ನ ಬೈಕೊಂಡು ತಿರುಗಿದೆನಲ್ಲೋ,” ಎಂದ. ಬಳಿಕ, “ನಿಮ್ಮಕ್ಕಂಗೆ ನೀನೇ ಹೇಳು. ನಾನು ಹೇಳಿದ್ರೆ ನಂಬಲ್ಲ, ಬೈಗುಳ ನನಗೇ ಬೀಳುತ್ತೆ.”

“ಹೇಳ್ತೀನಿ.”

“ಈಗ ಫಿಲ್ಟರು?”

“ಕೀಳಲ್ಲ. ಹಳೇ ಗಾಳಿ ಡಬ್ಬಿ ವಾಪಸ್ ಹಾಕ್ತೀನಿ, ಕೊಳವೆ ಹೊಸದು. ನಿಂತಲ್ಲೇ ಬಿಸಿ ಮಾಡಿ ಮಸಿ ಸುಡ್ತೀನಿ. ಸುಡಲಿಲ್ಲ ಅಂದ್ರೆ ನಾಳೆ ಲೋಡ್ ಇಲ್ಲ ಅಂದ್ಕೊಳ್ಳಿ.”

“ಅಂದ್ಕೊಳ್ಳೋಕೆ ನಿನಗೇನು,” ಎಂದ ಭಾವ. ಆದರೂ ಸ್ಪ್ಯಾನರ್ ಎತ್ತಿಕೊಟ್ಟ.

ಹಳೆಯ ಡಬ್ಬಿ ಅಟ್ಟದ ಮೇಲೆ ಧೂಳು ಹಿಡಿದು ಕೂತಿತ್ತು. ಎಲ್ಲ ಜೋಡಿಸಿ, ಪಟ್ಟಿಯನ್ನು ಎರಡು ಸಲ ಎಳೆದು ನೋಡಿ, ಮಧ್ಯಾಹ್ನ ಎರಡೂವರೆಗೆ ಮಸಿ ಸುಡಲು ಹಚ್ಚಿದರು. ಇಂಜಿನ್ ಒಂದೇ ಸ್ವರದಲ್ಲಿ ಮೊರೆಯುತ್ತಿತ್ತು. ಇಬ್ಬರೂ ಗೋಡೆಗೊರಗಿ ಕಾಲು ಚಾಚಿ ಕೂತರು. ಭಾವ ತೂಕಡಿಸಿದ. ಮೆಕ್ಯಾನಿಕ್‌ಗೆ ಅದೂ ಆಗಲಿಲ್ಲ.

ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಇಂಜಿನ್ನಿನ ಸದ್ದು ತಾನೇ ತಗ್ಗಿತು. ಫಿಲ್ಟರಿನ ಎರಡು ಬದಿಯ ಒತ್ತಡದ ವ್ಯತ್ಯಾಸ ಹೊಸದರಲ್ಲಿ ಐದು ಮಿಲಿಬಾರ್ ಇರುತ್ತದೆ. ಇಪ್ಪತ್ತು ದಾಟಿದರೆ ಲಾರಿ ಏರು ಹತ್ತುವುದಿಲ್ಲ, ಅದರೊಳಗಿದ್ದರೆ ಲೋಡ್ ಎಳೆಯುತ್ತದೆ.

“ಎಷ್ಟು?” ಎಂದ ಭಾವ, ಕಣ್ಣು ತೆರೆಯದೆ.

ಮೆಕ್ಯಾನಿಕ್ ಕನ್ನಡಕ ಒರೆಸಿಕೊಂಡು, ಗಾಡಿಗೆ ಜೋಡಿಸಿದ ಸ್ಕ್ಯಾನರಿನ ಪರದೆಯನ್ನು ಇನ್ನೊಮ್ಮೆ ಓದಿದ. ಹನ್ನೊಂದು ಮಿಲಿಬಾರ್.