ಪಿನ್ಯಾಳ ತಲೆಗೂ ಒಂದು ರಜೆ

ಪಿನ್ಯಾಳಿಗೆ ಸುಮ್ಮನೆ ಕೂರಲು ಬರುವುದೇ ಇಲ್ಲ! ಕುವೋಪಿಯೊ ಎಂಬ ಚಳಿಯೂರಿನ ಕೆರೆದಂಡೆಯ ಜಿಮ್‌ನಲ್ಲಿ ವ್ಯಾಯಾಮ ಹೇಳಿಕೊಡುವವಳು ಅವಳು. ಬಸ್ಸಿನಲ್ಲಿ ಫೋನು ಹಿಡಿದು ಕಲಿಯುವ ಬೆನ್ನುನೋವಿನ ಕೋರ್ಸು, ಊಟದ ಹೊತ್ತಿಗೆ ಆಹಾರದ ಕೋರ್ಸು. ಬಾಗಿಲ ಮುಂದಿನ ಹಿಮ ಎತ್ತಿಹಾಕುವಾಗಲೂ ಕಿವಿಯಲ್ಲಿ ಯಾರದೋ ಪಾಠ, ಅದೂ ಎರಡು ಪಟ್ಟು ವೇಗದಲ್ಲಿ. ಮಲಗಿದರೆ ಕಾಲು ನಿಲ್ಲುವುದಿಲ್ಲ, ತಲೆಯೂ ನಿಲ್ಲುವುದಿಲ್ಲ.

"ಜನ ಫೋನಲ್ಲಿ ಏನೇನೋ ನೋಡ್ಕೊಂಡು ಬಂದು ಕೇಳ್ತಾರೆ. ಗೊತ್ತಿಲ್ಲ ಅಂದ್ರೆ ಬೇರೆ ಜಿಮ್ಮಿಗೆ ಹೋಗ್ತಾರೆ ಅಷ್ಟೇ" ಎನ್ನುತ್ತಾಳೆ.

ಮಂಗಳವಾರ ಹಿರಿಯರ ತರಗತಿ. ಹೇಳಿಕೊಡುವವರು ಜನರ ಕಡೆ ಮುಖಮಾಡಿ ನಿಲ್ಲುತ್ತಾರೆ. ಜನ ಬಲಗಾಲು ಎತ್ತಬೇಕಾದರೆ ಇವರು ಎಡಗಾಲು ಎತ್ತಿ "ಬಲ" ಎಂದು ಕೂಗಬೇಕು, ಕನ್ನಡಿಯ ಹಾಗೆ. ಪಿನ್ಯಾಳಿಗೆ ಇದು ನೀರು ಕುಡಿದಷ್ಟು ಸಲೀಸು. ಆದರೆ ಆ ಮಂಗಳವಾರ ಅವಳು "ಬಲ" ಎಂದಳು, ತನ್ನ ಬಲಗಾಲನ್ನೇ ಎತ್ತಿಬಿಟ್ಟಳು! ಅರ್ಧ ಜನ ಮಾತು ಕೇಳಿದರು, ಅರ್ಧ ಜನ ಕಾಲು ನೋಡಿದರು. ಮುಂದಿನ ಸಾಲಿನ ಉರ್ಹೊ ಎರಡನ್ನೂ ಮಾಡಲು ಹೋಗಿ, ವ್ಯಾಯಾಮಕ್ಕೆ ಹತ್ತಿ ಇಳಿಯುವ ಹಲಗೆಯಿಂದ ಕೆಳಗೆ ಬಿದ್ದರು.

ಉರ್ಹೊಗೆ ಎಪ್ಪತ್ತು ದಾಟಿದೆ. ಸೊಂಟದ ಕೀಲು ಬದಲಾಯಿಸಿ ಇನ್ನೂ ಒಂದು ವರ್ಷವಾಗಿಲ್ಲ. ಕೋಲು ಬಿಟ್ಟು ನಡೆಯುವಂತಾಗಿದ್ದೇ ಈ ತರಗತಿಯಿಂದ. ಆರೋಗ್ಯ ಕೇಂದ್ರದಲ್ಲಿ ಎಕ್ಸ್‌ರೇ ತೆಗೆದರು. ಕೀಲಿಗೇನೂ ಆಗಿರಲಿಲ್ಲ, ಬರೀ ಊತ.

ಆದರೆ ಉರ್ಹೊ ಫೋನಿನಲ್ಲಿ ಹೇಳಿದ್ದು ಇಷ್ಟೇ: "ನಾನಿನ್ನು ಬರಲ್ಲ, ಹುಡುಗಿ. ಸೊಂಟ ಸರಿಯಾಗಿದೆ. ಧೈರ್ಯ ಹೋಗಿದೆ."

ವ್ಯಾಯಾಮ ಬಿಟ್ಟರೆ ಆ ಕಾಲು ಮತ್ತೆ ಬಿಗಿದುಕೊಳ್ಳುತ್ತದೆಂದು ಪಿನ್ಯಾಳಿಗೆ ಗೊತ್ತು. ಏನು ಮಾಡಿದಳು ಹೇಳಿ? ಅದೇ ಸಂಜೆ ಇನ್ನೊಂದು ಕೋರ್ಸಿಗೆ ಹೆಸರು ಕೊಟ್ಟಳು!

ಮರುದಿನ ಕೆಲಸ ಮುಗಿಸಿ, ಬಿಸಿ ಹಬೆಯಲ್ಲಿ ಬೆವರಿಳಿಸುವ ಸೌನಾಕ್ಕೆ ಹೋದರೆ ಅಲ್ಲಿ ಗೆಳತಿ ರಾಕೆಲ್ ಕೂತಿದ್ದಳು. ರಾಕೆಲ್ ನರ್ಸ್. ಕೆಲಸಕ್ಕೆ ಹೋಗುವವರ ಆರೋಗ್ಯ ನೋಡಿಕೊಳ್ಳುವುದೇ ಅವಳ ಕೆಲಸ. ಪಿನ್ಯಾ ಮೇಲಿನ ಹಲಗೆಯಲ್ಲಿ ಕೂತು ಗೊಣಗತೊಡಗಿದಳು.

"ಯಾರ ಹತ್ರ ಮಾತಾಡ್ತಿದ್ದೀಯೇ, ಒಲೆ ಹತ್ರಾನಾ?"

"ಸೊಂಟದ ಸ್ನಾಯುಗಳ ಹೆಸರು ಕಣೇ. ನಾಡಿದ್ದು ಪರೀಕ್ಷೆ."

"ಸೌನಾದಲ್ಲಿ ಪಾಠ! ನಮ್ಮಜ್ಜಿ ಇದ್ದಿದ್ರೆ ಮೈಗೆ ಬಡ್ಕೊಳ್ಳೋ ಈ ಸೊಪ್ಪಿನ ಕಟ್ಟು ತಗೊಂಡು ನಿಂಗೇ ಬಾರಿಸ್ತಿದ್ಲು." ರಾಕೆಲ್ ಬಿಸಿ ಕಲ್ಲಿನ ಮೇಲೆ ನೀರು ಸುರಿದಳು. "ಉರ್ಹೊ ಬಿದ್ದಿದ್ದು ನಂಗೂ ಗೊತ್ತಾಯ್ತು. ಅದು ನಿಂಗೆ ವಿದ್ಯೆ ಕಮ್ಮಿಯಾಗಿದ್ದಕ್ಕಾ?"

"ಮತ್ತಿನ್ಯಾಕೆ?"

"ಎಡ ಯಾವ್ದು, ಬಲ ಯಾವ್ದು ಅನ್ನೋದಕ್ಕೂ ಕೋರ್ಸ್ ಇದ್ಯಾ? ಹಿಂದಿನ ರಾತ್ರಿ ಎಷ್ಟು ನಿದ್ದೆ ಮಾಡಿದ್ದೆ, ಹೇಳು."

ಪಿನ್ಯಾ ಬೆರಳು ಮಡಚಿ ಗಂಟೆ ಎಣಿಸಿದಳು. ಒಂದೇ ಕೈ ಸಾಕಾಯಿತು.

"ನಿನ್ನ ಹತ್ರ ಕಲಿಯೋರು ಯಾರಾದ್ರೂ ದಿನಾ ಭಾರ ಎತ್ತುತ್ತೀನಿ, ರಜಾನೇ ಬೇಡ ಅಂದ್ರೆ?"

"ಬೈದು ಮನೆಗೆ ಕಳಿಸ್ತೀನಿ. ಮೈ ಗಟ್ಟಿಯಾಗೋದು ವಿಶ್ರಾಂತೀಲಿ." ಪಿನ್ಯಾ ತಟ್ಟನೆ ನಾಲಗೆ ಕಚ್ಚಿಕೊಂಡಳು. "ಆದ್ರೆ ತಲೆ ಬೇರೆ ಕಣೇ!"

"ಬೇರೇನೇ. ಆದ್ರೂ ಕಲ್ತಿದ್ದು ತಲೇಲಿ ನಿಲ್ಲೋಕೆ ನಿದ್ದೆ ಬೇಕು, ಬಿಡುವು ಬೇಕು. ಕಲೀಬೇಡ ಅಂದ್ನಾ ನಾನು? ಒಂದು ಸಲಕ್ಕೆ ಒಂದು ಕೋರ್ಸ್ ಸಾಕು. ಪಾಠ ಮುಗಿದ್ಮೇಲೆ ಕಿವೀಲಿ ಏನೂ ಇಟ್ಕೊಳ್ದೆ ನಡಿ. ಭಾನುವಾರ ಓದೂ ಬೇಡ, ಫೋನೂ ಬೇಡ."

"ನಾನು ಹಿಂದೆ ಬಿದ್ದುಬಿಡ್ತೀನಿ, ಮಾರಾಯ್ತಿ!"

"ಬಿದ್ದಿದ್ದು ನೀನಲ್ಲ, ಉರ್ಹೊ. ಇಷ್ಟು ಮಾಡಿಯೂ ನಿದ್ದೆ ಬರ್ಲಿಲ್ಲ ಅಂದ್ರೆ ನನ್ನ ಹತ್ರ ಬಾ, ಡಾಕ್ಟ್ರಿಗೆ ತೋರಿಸೋಣ. ಅದ್ರಲ್ಲಿ ನಾಚಿಕೆ ಏನಿಲ್ಲ."

ಮೊದಲ ಭಾನುವಾರ ಪಿನ್ಯಾಳಿಗೆ ನರಕ! ಫೋನನ್ನು ಡ್ರಾಯರಿನಲ್ಲಿಟ್ಟಳು, ತೆಗೆದಳು, ಮತ್ತೆ ಇಟ್ಟಳು. ಮನೆಯಲ್ಲಿ ಇರಲಾಗದೆ ಹೆಪ್ಪುಗಟ್ಟಿದ ಕೆರೆಯ ಮೇಲೆ ನಡೆದಳು. ದಂಡೆಯ ಹತ್ತಿರವೇ ಮಂಜುಗಡ್ಡೆಯಲ್ಲಿ ತೂತು ಕೊರೆದು, ಗಾಳ ಹಾಕಿಕೊಂಡು ಉರ್ಹೊ ಕೂತಿದ್ದರು. ಅವಳೂ ಪಕ್ಕದಲ್ಲಿ ಕೂತಳು. ಕೂತಲ್ಲೇ ಅವಳ ಕಾಲು ಕುಣಿಯತೊಡಗಿತು.

"ಕಾಲು ಅಲ್ಲಾಡಿಸ್ಬೇಡ. ಮೀನು ಹೆದರ್ತಾವೆ" ಎಂದರು ಉರ್ಹೊ.

ಅವಳು ಮೊಣಕಾಲನ್ನು ಕೈಯಲ್ಲಿ ಒತ್ತಿ ಹಿಡಿದಳು. ಹೊರಡುವಾಗ ಉರ್ಹೊಗೆ ಏಳಲಾಗಲಿಲ್ಲ. ಕಾಲು ಆಗಲೇ ಬಿಗಿಯತೊಡಗಿತ್ತು. ಪಿನ್ಯಾ ಕೈಕೊಟ್ಟು ಎಬ್ಬಿಸಿದಳು.

"ತಪ್ಪು ನಂದು. ನಿದ್ದೆಗೆಟ್ಟು ಬಂದಿದ್ದೆ" ಎಂದಳು.

"ಈಗ?"

"ಒಂದು ಕೋರ್ಸ್ ಇಟ್ಕೊಂಡು ಉಳಿದಿದ್ದು ಬಿಟ್ಟೆ. ಸೋಮವಾರ ರಾತ್ರಿ ಓದೋದೇ ಇಲ್ಲ. ಆದ್ರೂ ಫೋನಿಗೆ ಕೈ ಕಡೀತಾನೇ ಇದೆ."

ಉರ್ಹೊ ನಕ್ಕರು. "ಬಂದು ನೋಡ್ತೀನಿ. ನೋಡ್ತೀನಿ ಅಷ್ಟೇ. ಗೋಡೆ ಪಕ್ಕ ಒಂದು ಕುರ್ಚಿ ಹಾಕಿರು."

ಮಂಗಳವಾರ ಬಂದು ಗೋಡೆ ಪಕ್ಕ ಕೂತರು, ಕೋಟನ್ನೂ ಬಿಚ್ಚಲಿಲ್ಲ. ಪಿನ್ಯಾ "ಬಲ" ಎಂದು ಎಡಗಾಲು ಎತ್ತಿದಳು. ಎಲ್ಲರ ಬಲಗಾಲೂ ಒಟ್ಟಿಗೆ ಎದ್ದಿತು. ಎರಡು ಹಾಡು ಮುಗಿದವು. ಮೂರನೆಯದಕ್ಕೆ ಉರ್ಹೊ ಕೋಟು ಬಿಚ್ಚಿ, ಕುರ್ಚಿಯ ಬೆನ್ನು ಹಿಡಿದು ನಿಂತು, ನಿಧಾನವಾಗಿ ಬಲಗಾಲು ಎತ್ತಿದರು.

ನೀವು ಪಾಠ ಹೇಳುವವರಿರಬಹುದು, ಬಸ್ಸು ಓಡಿಸುವವರಿರಬಹುದು, ರೋಗಿಗಳನ್ನು ನೋಡಿಕೊಳ್ಳುವವರಿರಬಹುದು. ಹೊಸದನ್ನು ಕಲಿಯಿರಿ, ಖಂಡಿತ ಕಲಿಯಿರಿ! ಆದರೆ ನಿಮ್ಮನ್ನು ನಂಬಿ ಕಾಲೆತ್ತುವವರು ಎದುರಿಗೇ ಇದ್ದಾರೆ. ಅವರಿಗೋಸ್ಕರವಾದರೂ ಈ ವಾರ ಒಂದು ದಿನ ಪುಸ್ತಕ ಮುಚ್ಚಿ, ಫೋನು ಬದಿಗಿಟ್ಟು ಸುಮ್ಮನೆ ಕೂತು ನೋಡಿ. ಮೊದಮೊದಲು ಚಡಪಡಿಕೆ ಆಗುತ್ತದೆ. ಆಗಲಿ, ಎದ್ದು ಹೋಗಬೇಡಿ!