ಸೇತುವೆ ತಿರುವಿನಲ್ಲಿ ನಿಂತ ಹಸಿರು ಬಸ್ಸು

ಮೂವತ್ತೊಂದು ವರ್ಷ ಬಸ್ಸು ಓಡಿಸಿ ನಿವೃತ್ತನಾದ ಮನುಷ್ಯ ಮನೆಯಲ್ಲಿ ಕೂತು ಮತ್ತೆ ಬಸ್ಸನ್ನೇ ಓಡಿಸುತ್ತಾನೆ ಎಂದರೆ ಯಾರು ತಾನೇ ನಗುವುದಿಲ್ಲ? ಡ್ರೈವರಣ್ಣನ ಹೆಂಡತಿ ಮೊದಲ ವಾರವೇ ನಕ್ಕು ಮುಗಿಸಿದ್ದಳು. ಮಗಳು ತಂದುಕೊಟ್ಟ ಸೆಕೆಂಡ್ ಹ್ಯಾಂಡ್ ಸ್ಟೀರಿಂಗನ್ನು ಊಟದ ಮೇಜಿಗೆ ಬಿಗಿದು, ಬ್ರೇಕು ಆಕ್ಸಿಲರೇಟರುಗಳ ಪೆಡಲನ್ನು ಮೇಜಿನಡಿ ಇಟ್ಟುಕೊಂಡು, ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಕನ್ನಡಕ ಒರೆಸಿ ಕೂರುವ ಗಂಡನನ್ನು ನೋಡಿ, ಇದಕ್ಕೆ 'ಸಂಬಳವಿಲ್ಲದ ಡ್ಯೂಟಿ' ಎಂದು ಹೆಸರಿಟ್ಟು ಸುಮ್ಮನಾದಳು.

ಆಟ ಇಪ್ಪತ್ತೈದು ವರ್ಷದಷ್ಟು ಹಳೆಯದು. ಮರಗಳೆಲ್ಲ ಚೌಕ ಚೌಕ, ಮೋಡಗಳು ಇಟ್ಟಿಗೆಯಂತೆ. ಬೆಟ್ಟದ ರಸ್ತೆಯ ಮೇಲೆ ಆರು ವಾಹನಗಳ ರೇಸು. ಈಗಿನ ಆಟಗಳಲ್ಲಿ ಡ್ರೈವರನ ಹಣೆಯ ಬೆವರೂ ಕಾಣುತ್ತದಂತೆ. ಇದರಲ್ಲಿ ಡ್ರೈವರನಿಗೆ ಮುಖವೇ ಇಲ್ಲ. ಆದರೂ ಬೇರೆ ಬೇರೆ ಊರಿನ ಆರು ಜನ ಇಂಟರ್ನೆಟ್ಟಿನಲ್ಲಿ ಸೇರಿ, ಮೈಕಿನಲ್ಲಿ ಹರಟುತ್ತ ಇದನ್ನೇ ಆಡುತ್ತಿದ್ದರು. ಒಬ್ಬರು ಇನ್ನೊಬ್ಬರನ್ನು ಕಣ್ಣಿಂದ ಕಂಡವರಲ್ಲ.

ಯಾವಾಗಲೂ ಮುಂದಿರುವವಳು ನರ್ಸಮ್ಮ. ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ ಬಂದವಳು ಮಲಗುವ ಮೊದಲು ಒಂದು ಸಲ ಕೆಂಪು ಕಾರು ಹತ್ತಲೇಬೇಕು. ಬೇಕರಿಯವನದು ಲಾರಿ, ಎಲ್ಲರ ಹಿಂಬದಿಗೆ ಗುದ್ದುವುದೇ ಅವನ ಕಸುಬು. ಜೀಪಿನಲ್ಲಿ ಬರುವ ಲೈಬ್ರರಿ ಮೇಡಂ ಅಂಕಗಳ ಪಟ್ಟಿ ಇಡುವವರು, ನಿಯಮ ಎಂದರೆ ಪ್ರಾಣ ಬಿಡುವವರು. ಉಳಿದಿಬ್ಬರು ಅಣ್ಣತಮ್ಮಂದಿರು, ತಮ್ಮತಮ್ಮೊಳಗೆ ಜಗಳವಾಡುವುದು ಬಿಟ್ಟರೆ ಅವರಿಗೆ ಬೇರೆ ಮಾತಿಲ್ಲ.

ಡ್ರೈವರಣ್ಣನದು ಹಸಿರು ಬಸ್ಸು. ಆಟದಲ್ಲಿ ಅದಕ್ಕಿಂತ ನಿಧಾನದ ಗಾಡಿ ಇನ್ನೊಂದಿಲ್ಲ. "ಕಾರು ತಗೊಳ್ಳಿ ಡ್ರೈವರಣ್ಣ" ಎಂದು ಬೇಕರಿಯವನು ಎಷ್ಟು ಹೇಳಿದರೂ, "ಕಾರು ಅಭ್ಯಾಸ ಇಲ್ಲಪ್ಪ" ಎನ್ನುತ್ತಿದ್ದ. ಅದಾದರೂ ಹೋಗಲಿ. ದಾರಿಬದಿಯ ಸ್ಟಾಪುಗಳಲ್ಲಿ ಜನರ ಚಿತ್ರ ಬರೆದಿಟ್ಟಿದ್ದಾರೆ; ಕೈ ಕೂಡ ಎತ್ತದ ಆ ಚಿತ್ರಗಳನ್ನು ಕಂಡರೂ ಇವನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತಿತ್ತು. ಇಂಥವನು ಗೆಲ್ಲುವುದುಂಟೇ?

ಗೆಲ್ಲಬೇಕೆಂಬ ಹುಚ್ಚು ಅವನಿಗಿರಲೂ ಇಲ್ಲ. ನಿದ್ದೆಗೆಡಿಸಿದ್ದು ಮೇಡಂ ಅವರ ನಿಯಮ. ಆಟದಲ್ಲಿ ಇರುವುದು ಆರೇ ಜಾಗ, ಹೊರಗೆ ಕಾಯುತ್ತಿರುವವರು ಇದ್ದಾರೆ. ಹನ್ನೆರಡು ರೇಸು ಮುಗಿದಾಗ ಇಪ್ಪತ್ತು ಅಂಕ ಆಗದವರು ಅವರಿಗೆ ಜಾಗ ಬಿಡಬೇಕು. ಈ ಭಾನುವಾರ ಹನ್ನೆರಡನೆಯದು, ಡ್ರೈವರಣ್ಣನ ಲೆಕ್ಕ ಹದಿನಾರಕ್ಕೆ ನಿಂತಿತ್ತು. ಮೊದಲ ಮೂವರಲ್ಲಿ ಬಂದರೆ ಉಳಿದ, ಇಲ್ಲದಿದ್ದರೆ ಹೊರಗೆ.

ನಿವೃತ್ತಿಯ ಮೊದಲ ಆರು ತಿಂಗಳು ಅವನು ಹೇಗಿದ್ದನೆಂದು ಹೆಂಡತಿಗೆ ಗೊತ್ತು. ದಿನಕ್ಕೆ ಐನೂರು ಜನರ ನಡುವೆ ಇದ್ದವನಿಗೆ ಕಿಟಕಿಯ ಪಕ್ಕ ಕೂತು ಗೋಡೆ ಗಡಿಯಾರದೊಡನೆ ಮಾತಾಡುವುದೊಂದು ಬಾಕಿ ಇತ್ತು. ಈ ಐದು ದನಿಗಳು ಸಿಕ್ಕಮೇಲೆ ಶನಿವಾರವೇ ಅವನ ಮುಖದಲ್ಲಿ ಕಳೆ ಬರುತ್ತಿತ್ತು. ಅದು ಕೈತಪ್ಪೀತೆಂದು ಅವನಿಗೆ ನಿಜಕ್ಕೂ ಭಯವಾಗಿತ್ತು. ಅರವತ್ತರ ಮೇಲಿನ ಗಂಡಸು ಇದನ್ನೆಲ್ಲ ಯಾರಿಗೆ ಹೇಳಿಕೊಳ್ಳಬೇಕು?

ಹೇಳದಿದ್ದರೂ ಹೆಂಡತಿಗೆ ತಿಳಿದಿತ್ತು. ಹತ್ತು ಗಂಟೆಗೆ ಅವಳು ಅಡುಗೆಮನೆಯ ಬಾಗಿಲಿಗೆ ಬಂದು, "ರೀ, ಇವತ್ತೊಂದಿನ ಸ್ಟಾಪಲ್ಲಿ ನಿಲ್ಲಿಸ್ಬೇಡಿ. ಅವರ್ಯಾರೂ ಟಿಕೆಟ್ ತಗೊಳ್ಳಲ್ಲ" ಎಂದಳು.

"ಆಯ್ತು" ಎಂದ ಡ್ರೈವರಣ್ಣ. ಪರದೆಯ ಮೂಲೆಯಲ್ಲಿ ಹದಿನೈದು ನಿಮಿಷದ ಗಡಿಯಾರ ಹಿಂದಕ್ಕೆ ಎಣಿಸತೊಡಗಿತು.

ಆ ದಿನ ಅವನು ಹಲ್ಲು ಕಚ್ಚಿ ಓಡಿಸಿದ. ಸ್ಟಾಪು ಬಂದಾಗ ಬೇರೆ ಕಡೆ ನೋಡಿದ. ಆದರೂ ಬಸ್ಸು ಬಸ್ಸೇ. ಕೊನೆಯ ಸುತ್ತಿನಲ್ಲೂ ಅವನೇ ಹಿಂದೆ. ನರ್ಸಮ್ಮನ ಕಾರು ಕಣ್ಣಿಗೆ ಕಾಣದಷ್ಟು ಮುಂದೆ ಹೋಗಿತ್ತು. ಅವನ ಎದುರಿಗೆ ನಾಲ್ಕೂ ವಾಹನ ಗುಂಪಾಗಿ ಸೇತುವೆಯ ತಿರುವಿಗೆ ನುಗ್ಗಿದವು. ಬೇಕರಿಯವನು ಬುದ್ಧಿ ಬಿಡಲಿಲ್ಲ, ಮೇಡಂ ಅವರ ಜೀಪಿಗೆ ಗುದ್ದಿದ. ಜೀಪು ಅಡ್ಡ ತಿರುಗಿತು, ಲಾರಿ ಅದರ ಮೇಲೆ ಹತ್ತಿ ಮಗುಚಿತು, ಹಿಂದಿದ್ದ ಅಣ್ಣತಮ್ಮಂದಿರು ಒಬ್ಬರನ್ನೊಬ್ಬರು ಬೈಯುತ್ತ ಹೋಗಿ ಅದಕ್ಕೇ ಬಡಿದರು. ನಾಲ್ಕೂ ಗಾಡಿ ಚಕ್ರ ಮೇಲೆ ಮಾಡಿಕೊಂಡು ಬಿದ್ದವು.

ಬಿದ್ದ ಗಾಡಿ ಹತ್ತು ಎಣಿಸುವವರೆಗೆ ಏಳುವುದಿಲ್ಲ, ಅದು ಆಟದ ಕ್ರಮ. ಎಡಗಡೆ ಒಂದು ಬಸ್ಸು ನುಸುಳುವಷ್ಟು ಸಂದಿಯಿತ್ತು. ಅಂಥ ಸಂದಿಯಲ್ಲಿ ಬಸ್ಸು ದಾಟಿಸುವುದು ಡ್ರೈವರಣ್ಣನಿಗೆ ನೀರು ಕುಡಿದಷ್ಟು ಸುಲಭ. ದಾಟಿದರೆ ಎರಡನೆಯ ಸ್ಥಾನ, ಭಾನುವಾರಗಳು ಅವನವೇ.

ಮೇಜಿನಡಿ ಬಲಗಾಲು ಬ್ರೇಕು ಒತ್ತಿಬಿಟ್ಟಿತು. ಬಸ್ಸು ರಸ್ತೆಯ ಅಂಚಿಗೆ ಸರಿದು ನೀಟಾಗಿ ನಿಂತಿತು.

"ಯಾರಿಗೂ ಪೆಟ್ಟಾಗಿಲ್ಲ ತಾನೇ?" ಎಂದು ಅವನು ಮೈಕಿನಲ್ಲಿ ಕೇಳಿದ.

ಬೇಕರಿಯವನು, "ಡ್ರೈವರಣ್ಣ, ದಾರಿ ಖಾಲಿ ಇದೆ, ಹೋಗಿ. ನಾವು ಏಳೋದ್ರೊಳಗೆ ದಾಟಿಬಿಡಿ" ಎಂದ.

"ಬಿದ್ದಿರೋರನ್ನ ಬಿಟ್ಟು ಹೇಗಪ್ಪ ಹೋಗೋದು?"

ಮಾತು ಬಾಯಿಂದ ಹೊರಟಮೇಲೆ ತಾನು ಕೂತಿರುವುದು ಊಟದ ಮೇಜಿನ ಮುಂದೆ ಎಂಬುದು ಅವನಿಗೆ ನೆನಪಾಯಿತು. ಕಿವಿ ಬಿಸಿಯಾಯಿತು. ಅಷ್ಟರಲ್ಲಿ ಹತ್ತು ಎಣಿಕೆ ಮುಗಿದು ನಾಲ್ಕೂ ಗಾಡಿ ಎದ್ದು ನಿಂತವು. ಅಲ್ಲಿಗೆ ಕಥೆ ಮುಗಿಯಿತು ಎಂದುಕೊಂಡ.

"ಹೊರಡಿ ನೀವೆಲ್ಲ" ಎಂದ.

ಯಾರೂ ಹೊರಡಲಿಲ್ಲ.

"ನಮಗೋಸ್ಕರ ನಿಂತೋರನ್ನ ಬಿಟ್ಟು ಹೋದ್ರೆ ನಾಳೆ ನನ್ನ ಬ್ರೆಡ್ಡು ಉಬ್ಬಲ್ಲ" ಎಂದ ಬೇಕರಿಯವನು. ಗುದ್ದುವವನ ಲಾರಿ ಮೊದಲ ಸಲ ಸಾಧುವಾಗಿ ನಿಂತಿತ್ತು.

ಆಗ ಮುಂದೆಲ್ಲೋ ಇದ್ದ ನರ್ಸಮ್ಮನ ದನಿ ಕೇಳಿತು. "ಮೇಡಂ, ರೇಸು ಮುಗಿಯೋ ಗೆರೆ ನನ್ನ ಕಣ್ಣೆದುರಿಗೇ ಇದೆ. ಒಂದು ನಿಯಮ ಕೇಳ್ಬೇಕಿತ್ತು. ಟೈಮ್ ಮುಗಿಯೋದ್ರೊಳಗೆ ಯಾರೂ ಗೆರೆ ಮುಟ್ಟದಿದ್ರೆ?"

ಮೈಕಿನಲ್ಲಿ ಕಾಗದ ಮಗುಚುವ ಸದ್ದಾಯಿತು. ಮೇಡಂ ಎಂದಿನ ಗಂಟುಮುಖದ ದನಿಯಲ್ಲಿ ಹೇಳಿದರು: "ರೇಸು ರದ್ದಾಗುತ್ತೆ, ಅಂಕ ಯಾರಿಗೂ ಇಲ್ಲ. ಅಂದ್ರೆ ಹನ್ನೆರಡು ಆಗಲಿಲ್ಲ, ಹನ್ನೊಂದೇ. ಹನ್ನೆರಡು ಆಗದೆ ಯಾರನ್ನೂ ತೆಗೆಯೋ ಹಾಗಿಲ್ಲ. ಮುಂದಿನ ಭಾನುವಾರ ಮತ್ತೆ ಓಡಿಸ್ಬೇಕು. ನಿಯಮ ಅಂದ್ರೆ ನಿಯಮ."

"ಮುಂದಿನ ಭಾನುವಾರನೂ ಇಲ್ಲಿ ಯಾರಾದ್ರೂ ಬೀಳ್ತಾರೆ ಬಿಡಿ" ಎಂದಳು ನರ್ಸಮ್ಮ. ಕೆಂಪು ಕಾರು ಗೆರೆಯ ಬುಡದಲ್ಲೇ ತಿರುಗಿ ಹಿಂದಕ್ಕೆ ಬರತೊಡಗಿತು.

"ರಾಂಗ್ ಸೈಡಲ್ಲಿ ಬರ್ತಿದೀಯಲ್ಲಮ್ಮ, ಲೈಟಾದ್ರೂ ಹಾಕ್ಕೋ" ಎಂದ ಡ್ರೈವರಣ್ಣ. ಅವಳು ಲೈಟು ಹಾಕಿದಳು.

"ಹೊರಗೆ ಕಾಯ್ತಿರೋರು?" ಎಂದು ಮೇಡಂ ಗೊಣಗಿದರು.

"ಒಂದು ವಾರ ಕಾಯ್ಲಿ. ನಾವು ಬಸ್ಸಿಗೆ ಎಷ್ಟು ಕಾದಿಲ್ಲ?" ಎಂದ ಬೇಕರಿಯವನು.

ಗಡಿಯಾರದಲ್ಲಿ ಇನ್ನೂ ನಾಲ್ಕು ನಿಮಿಷವಿತ್ತು. ಅಣ್ಣತಮ್ಮಂದಿರಲ್ಲಿ ಕಿರಿಯವನು ಎಂದೂ ಇಲ್ಲದಂತೆ ಡ್ರೈವರಣ್ಣನನ್ನು ಮಾತಾಡಿಸಿದ. "ಅಣ್ಣ, ನಿಮ್ಮ ಸರ್ವಿಸಲ್ಲಿ ಎಷ್ಟು ಆಕ್ಸಿಡೆಂಟು?"

"ನನ್ನದು ಒಂದೂ ಇಲ್ಲ. ಬೇರೆಯವರದ್ದಕ್ಕೆ ನಿಂತಿದ್ದು ನಲವತ್ತೇಳು. ನಿಂತಾಗೆಲ್ಲ ಬಸ್ಸಲ್ಲಿದ್ದೋರು ಲೇಟಾಯ್ತು ಅಂತ ಬೈದಿದಾರೆ. ಅವರದ್ದೇನು ತಪ್ಪು, ಅವರವರ ಕೆಲಸ ಅವರವರಿಗೆ."

ಹೆಂಡತಿ ಕಾಫಿ ಲೋಟ ಹಿಡಿದು ಬಂದು ಪರದೆಗೆ ಬಗ್ಗಿದಳು. ಚೌಕ ಮರಗಳ ಕೆಳಗೆ ಆರು ಗಾಡಿ ಸಾಲಾಗಿ ನಿಂತಿದ್ದವು. "ಏನ್ರೀ ಇದು, ರಸ್ತೆ ಬಂದ್ ಆಗಿದ್ಯಾ?"

"ಇಲ್ಲ ಕಣೇ, ಸುಮ್ನೆ ನಿಂತಿದೀವಿ" ಎಂದ ಡ್ರೈವರಣ್ಣ, ಲೋಟ ತೆಗೆದುಕೊಂಡ. ಅವಳೂ ಒಂದು ಕುರ್ಚಿ ಎಳೆದುಕೊಂಡು ಕೂತಳು.

ಟೈಮ್ ಮುಗಿದು ಪರದೆ ನೀಲಿಯಾಗುವವರೆಗೆ ಮಾತು ನಡೆದೇ ಇತ್ತು. ಮೂವತ್ತೊಂದು ವರ್ಷ ಕಳೆದು ಅದೇ ಮೊದಲ ಸಲ, ಬಸ್ಸು ದಾರಿಮಧ್ಯೆ ನಿಂತಿದ್ದಕ್ಕೆ ಯಾರೂ ಅವನನ್ನು ಬೈಯಲಿಲ್ಲ.